ಸಫಾರಿಯೋ ಆಲ್‌ಸ್ಟಾರೋ? ಒಂದೇ ನಿಬ್ಬು ಹಾಕಿ ಬರೆದು ನೋಡಿ

ಲ್ಯಾಮಿ ಕಂಪನಿಯ ಶಾಯಿ ಪೆನ್ನುಗಳಾದ ಸಫಾರಿ ಮತ್ತು ಆಲ್‌ಸ್ಟಾರ್ ಎರಡರಲ್ಲೂ ಒಂದೊಂದು ಸಾಲು ಬರೆದು ನೋಡಿ, "ಇದು ನುಣುಪು, ಅದು ಕೆರೆಯುತ್ತೆ" ಎಂದು ತೀರ್ಮಾನಿಸುವವರೇ ಹೆಚ್ಚು. ಆ ತೀರ್ಪು ಸಲ್ಲಬೇಕಾದ್ದು ನಿಬ್ಬಿಗೆ. ಎರಡೂ ಪೆನ್ನುಗಳಿಗೆ ಬರುವುದು ಒಂದೇ ಬಗೆಯ ಉಕ್ಕಿನ ನಿಬ್ಬು, ಒಂದೇ ಬಗೆಯ ಫೀಡ್ (ನಿಬ್ಬಿನ ಅಡಿಯಲ್ಲಿದ್ದು ಅದಕ್ಕೆ ಶಾಯಿ ಹರಿಸುವ ಭಾಗ). ಟಿ10 ಕಾರ್ಟ್ರಿಜ್ (ಶಾಯಿ ತುಂಬಿಯೇ ಬರುವ ಪುಟ್ಟ ಕೊಳವೆ) ಮತ್ತು ಝಡ್28 ಕನ್ವರ್ಟರ್ (ಸೀಸೆಯಿಂದ ಶಾಯಿ ಹೀರಿ ತುಂಬಿಕೊಳ್ಳುವ ಕೊಳವೆ) ಕೂಡ ಎರಡಕ್ಕೂ ಕೂರುತ್ತವೆ. ಆದರೆ 'ಎಫ್' (ಫೈನ್, ಅಂದರೆ ತೆಳು ಗೆರೆಯದು) ಎಂದು ಅಚ್ಚಾದ ಎರಡು ನಿಬ್ಬುಗಳನ್ನು ಅಕ್ಕಪಕ್ಕ ಇಟ್ಟು ಬರೆದರೆ ಒಂದು ತುಸು ತೆಳು, ಇನ್ನೊಂದು ತುಸು ದಪ್ಪ ಇರುವುದು ಸಾಮಾನ್ಯ. ಹೀಗಾಗಿ ಪೆನ್ನುಗಳನ್ನು ಹೋಲಿಸಬೇಕೆಂದರೆ ಒಂದೇ ನಿಬ್ಬನ್ನು ಎರಡಕ್ಕೂ ಹಾಕಿ ಬರೆಯಬೇಕು.

ನಿಬ್ಬು ತೆಗೆಯುವುದು ಕಷ್ಟವಲ್ಲ. ಮೊದಲು ಶಾಯಿ ಖಾಲಿ ಮಾಡಿ, ತೊಳೆದು, ನಿಬ್ಬಿನ ಮೇಲ್ಮೈ ಪೂರ್ತಿ ಒರೆಸಿಕೊಳ್ಳಿ. ತೇವವಿದ್ದರೆ ಟೇಪು ಅಂಟುವುದಿಲ್ಲ. ಸುಮಾರು 5 ಸೆಂ.ಮೀ. ಉದ್ದದ ಟೇಪನ್ನು ನಿಬ್ಬಿನ ಬೆನ್ನಿಗೆ ಒತ್ತಿ ಅಂಟಿಸಿ, ಇನ್ನೊಂದು ತುದಿಯನ್ನು ಬೆರಳಲ್ಲಿ ಹಿಡಿದು ಪೆನ್ನಿನ ನೇರಕ್ಕೆ ಮುಂದಕ್ಕೆ ಎಳೆಯಿರಿ. ಅಕ್ಕಪಕ್ಕ ಅಲ್ಲಾಡಿಸಬೇಡಿ, ಮೇಲಕ್ಕೂ ಎತ್ತಬೇಡಿ. ನಿಬ್ಬಿನ ಎರಡು ಅಂಚುಗಳು ಫೀಡನ್ನು ತಬ್ಬಿ ಹಿಡಿದಿರುತ್ತವೆ; ಓರೆಯಾಗಿ ಎಳೆದರೆ ಆ ಅಂಚು ಹಿಗ್ಗಿ, ಮುಂದೆ ಹಿಡಿತ ಸಡಿಲವಾಗುತ್ತದೆ. ಕೂರಿಸುವಾಗ ಅಂಚುಗಳನ್ನು ಫೀಡಿನ ಮೇಲೆ ಸರಿಸಿ, ನಿಬ್ಬಿನ ಭುಜವನ್ನು ಒತ್ತುತ್ತಾ ಇನ್ನು ಮುಂದೆ ಹೋಗದು ಎನ್ನುವವರೆಗೆ ತಳ್ಳಿ. ತುದಿಯ ಮೇಲೆ ಬೆರಳಿಟ್ಟು ತಳ್ಳಿದರೆ ಸೀಳಿನ ಎರಡು ಎಸಳು ಮೇಲೆ ಕೆಳಗಾಗಿ ನಿಬ್ಬು ಕೆರೆಯತೊಡಗುತ್ತದೆ. ಅರ್ಧಕ್ಕೇ ನಿಂತ ನಿಬ್ಬು ಗೆರೆಯ ನಡುವೆ ಶಾಯಿ ಕಡಿಯುತ್ತದೆ. ಬದಲಾಯಿಸಿದ ಮೇಲೆ ಬರಹ ತುಂಡುತುಂಡಾದರೆ ಮೊದಲು ನೋಡಬೇಕಾದ್ದು ಇದನ್ನೇ.

ಶಾಯಿಯೂ ಕಾಗದವೂ ಒಂದೇ ಇರಲಿ. ಪ್ರತಿ ಪೆನ್ನಿನಲ್ಲೂ ಒಂದು ಪೂರ್ತಿ ಪುಟ ಬರೆಯಿರಿ. ಮೊದಲ ನಾಲ್ಕೈದು ಸಾಲನ್ನು ಲೆಕ್ಕಕ್ಕೆ ಹಿಡಿಯಬೇಡಿ, ಫೀಡಿನಲ್ಲಿ ಉಳಿದ ನೀರು ಅಲ್ಲಿ ಬಣ್ಣವನ್ನು ತೆಳುವಾಗಿಸಿರುತ್ತದೆ. ಅದೇ ನಿಬ್ಬು ಒಂದರಲ್ಲಿ ಒಣಗಿದಂತೆ, ಇನ್ನೊಂದರಲ್ಲಿ ಹಸಿಯಾಗಿ ಬರೆದರೆ ಕನ್ವರ್ಟರ್‌ಗಳನ್ನೂ ಅದಲುಬದಲು ಮಾಡಿ. ಆಗಲೂ ಹಾಗೇ ಇದ್ದರೆ ಒಣಗಿದ ಪೆನ್ನಿನ ಫೀಡಿನಲ್ಲಿ ಎಣ್ಣೆಯ ಪಸೆಯೋ ಹಳೆಯ ಶಾಯಿಯೋ ಕೂತಿದೆ ಎಂದು ತಿಳಿಯಿರಿ. ಒಂದು ಲೋಟ ತಣ್ಣೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ನಾಲ್ಕೈದು ಸಲ ಹೀರಿಸಿ ಬಿಟ್ಟು, ಬರೀ ನೀರಿನಲ್ಲಿ ಮತ್ತೆ ತೊಳೆದರೆ ಬಹುತೇಕ ಸರಿಹೋಗುತ್ತದೆ. ಬಿಸಿನೀರು ಬೇಡ.

ಇಷ್ಟು ಮಾಡಿದ ಮೇಲೆ ಉಳಿಯುವ ವ್ಯತ್ಯಾಸವೇ ಪೆನ್ನಿನದು, ಅದು ಕೈಗೆ ಸಂಬಂಧಿಸಿದ್ದು. 1980ರಲ್ಲಿ ಬಂದ ಸಫಾರಿಯ ಮೈ ಎಬಿಎಸ್ ಪ್ಲಾಸ್ಟಿಕ್. ಮುಚ್ಚಳ ಸೇರಿ ಸುಮಾರು 17 ಗ್ರಾಂ. ಆಮೇಲೆ ಬಂದ ಆಲ್‌ಸ್ಟಾರ್‌ಗೆ ಅಲ್ಯೂಮಿನಿಯಂ ಮೈ, ಸುಮಾರು 22 ಗ್ರಾಂ, ಸುತ್ತಳತೆಯೂ ತುಸು ದಪ್ಪ. ಐದು ಗ್ರಾಂ ಏನು ಮಹಾ ಅನ್ನಿಸಬಹುದು, ಆದರೆ ಅದರಲ್ಲಿ ಒಂದು ಪಾಲು ಮುಚ್ಚಳದಲ್ಲಿದೆ. ಮುಚ್ಚಳವನ್ನು ಹಿಂದೆ ಸಿಕ್ಕಿಸಿ ಬರೆಯುವವರಿಗೆ ಆಲ್‌ಸ್ಟಾರ್ ಹಿಂಬದಿಗೆ ಜಗ್ಗುತ್ತದೆ. ಅರ್ಧ ಗಂಟೆ ಬರೆದು ನೋಡಿ, ಗೊತ್ತಾಗುತ್ತದೆ. ಮುಚ್ಚಳ ತೆಗೆದಿಟ್ಟು ಬರೆಯುವವರಿಗೆ ಈ ತೊಂದರೆ ಇಲ್ಲ. ಅವರಿಗೆ, ಅದರಲ್ಲೂ ದೊಡ್ಡ ಕೈಯವರಿಗೆ, ಆಲ್‌ಸ್ಟಾರಿನ ದಪ್ಪವೇ ಹಿತ. ಚಿಕ್ಕ ಕೈಗೆ ಸಫಾರಿಯೇ ವಾಸಿ.

ಬೆರಳು ಕೂರುವ ಜಾಗದಲ್ಲಿ ಎರಡಕ್ಕೂ ಹೆಬ್ಬೆರಳು ಮತ್ತು ತೋರುಬೆರಳಿಗೆಂದು ಎರಡು ಸಪಾಟು ಮುಖಗಳಿವೆ. ಪೆನ್ನನ್ನು ತಿರುಗಿಸಿ ಹಿಡಿಯುವ ಅಭ್ಯಾಸದವರಿಗೆ ಅದರ ಏಣು ಬೆರಳಿಗೆ ಒತ್ತುತ್ತದೆ. ಸಫಾರಿಯಲ್ಲಿ ಇದು ಸರಿಬರದಿದ್ದರೆ ಆಲ್‌ಸ್ಟಾರ್‌ಗೆ ಹೋಗಿಯೂ ಪ್ರಯೋಜನವಿಲ್ಲ, ಬೇರೆ ಪೆನ್ನನ್ನೇ ಹುಡುಕಿ.

ಆಲ್‌ಸ್ಟಾರಿನಲ್ಲಿ ಬೆರಳು ಕೂರುವ ಈ ಹಿಡಿಕೆ ಅರೆಪಾರದರ್ಶಕ. ಒಳಗೆ ಶಾಯಿ ಸರಿಯುವುದು ಚೆಂದ ಕಾಣುತ್ತದೆ, ಕಡುಬಣ್ಣದ ಶಾಯಿಯ ಕಲೆಯೂ ಅಷ್ಟೇ ಚೆನ್ನಾಗಿ ಕಾಣುತ್ತದೆ. ಕೆಂಪು, ನೇರಳೆ ಶಾಯಿ ಹೆಚ್ಚು ಬಳಸುವವರು ಇದನ್ನು ಯೋಚಿಸಲೇಬೇಕು. ಕೈಜಾರಿ ಬಿದ್ದರೆ ಸಫಾರಿಯ ಪ್ಲಾಸ್ಟಿಕ್ ಸಾಮಾನ್ಯವಾಗಿ ಪುಟಿದು ಉಳಿಯುತ್ತದೆ, ಅಲ್ಯೂಮಿನಿಯಂ ಮೈ ತಗ್ಗು ಬೀಳುತ್ತದೆ. ಬೀಗದ ಕೈ, ನಾಣ್ಯದ ಜೊತೆ ಜೇಬಿನಲ್ಲಿಟ್ಟರೆ ಆಲ್‌ಸ್ಟಾರಿನ ಬಣ್ಣ ಕೆತ್ತಿ ಬಿಳಿ ಗೀರು ಕಾಣುತ್ತದೆ, ಅದನ್ನು ತಿದ್ದಲಾಗದು.

ಹೊಸ ಪೆನ್ನಿನಲ್ಲಿ ಹಿಡಿಕೆಗೂ ಮೈಗೂ ನಡುವೆ ಒಂದು ರಟ್ಟಿನ ಉಂಗುರವಿರುತ್ತದೆ, ಒಳಗಿನ ಕಾರ್ಟ್ರಿಜ್ ತಾನಾಗಿ ಚುಚ್ಚಿಕೊಳ್ಳದಿರಲಿ ಎಂದು. ಅದನ್ನು ತೆಗೆದು, ಮತ್ತೆ ತಿರುಗಿಸಿ ಬಿಗಿ ಮಾಡಿದರೆ ಕಾರ್ಟ್ರಿಜ್ ತೂತಾಗಿ ಶಾಯಿ ಇಳಿಯುತ್ತದೆ. ಕನ್ವರ್ಟರ್ ಹಾಕುವವರು ಅದರ ಪಕ್ಕದ ಎರಡು ಪುಟ್ಟ ಗುಬುಟುಗಳನ್ನು ಹಿಡಿಕೆಯ ಕಚ್ಚುಗಳಿಗೆ ಸರಿಹೊಂದಿಸಿ ಒತ್ತಬೇಕು. ಹೊಂದದೆ ಕೂತರೆ ಶಾಯಿ ಬದಲು ಗಾಳಿ ಹೀರುತ್ತದೆ. ಶಾಯಿ ತುಂಬುವಾಗ ನಿಬ್ಬು ಪೂರ್ತಿ ಮುಳುಗಿ ಹಿಡಿಕೆಯ ಅಂಚು ಶಾಯಿಗೆ ತಾಗಲಿ. ಕಾರ್ಟ್ರಿಜ್‌ಗಿಂತ ಕನ್ವರ್ಟರಿನಲ್ಲಿ ಶಾಯಿ ಕಡಿಮೆ ಹಿಡಿಯುತ್ತದೆ ಎಂದು ಮೈಗೇ ಶಾಯಿ ತುಂಬುವ ಯೋಚನೆ ಬೇಡ. ಶಾಯಿ ಎಷ್ಟಿದೆ ಎಂದು ನೋಡಲು ಮೈಯಲ್ಲಿ ಕೊರೆದಿರುವ ಕಿಟಕಿಗೆ ಗಾಜಿಲ್ಲ. ಎರಡರಲ್ಲೂ ಅದು ತೆರೆದ ತೂತು.