‘ಗಿಫ್ಟ್’ ಪದದ ಬೇರು ಹುಡುಕುವ ಬಗೆ

‘ಗಿಫ್ಟ್’ ಎಂದರೆ ಇಂಗ್ಲಿಷಿನಲ್ಲಿ ಉಡುಗೊರೆ, ಜರ್ಮನ್ ಭಾಷೆಯಲ್ಲಿ ವಿಷ. ಸ್ವೀಡಿಷ್ ಭಾಷೆಯಲ್ಲಿ ಅದು ವಿಷವೂ ಹೌದು, ‘ಮದುವೆಯಾದ’ ಎಂಬ ಗುಣವಾಚಕವೂ ಹೌದು. ಇಂಥ ಪದ ಎದುರಾದಾಗ ಅರ್ಥಗಳನ್ನು ಹೇಗಾದರೂ ಜೋಡಿಸಿ ಒಂದು ಕಥೆ ಕಟ್ಟುವ ಆಸೆ ಹುಟ್ಟುತ್ತದೆ. ಆ ಕೆಲಸವನ್ನು ಕೊನೆಗೆ ಇಟ್ಟುಕೊಂಡು ಮೊದಲು ಧ್ವನಿಯನ್ನು ಪರೀಕ್ಷಿಸಬೇಕು; ಏಕೆಂದರೆ ಅರ್ಥ ಎತ್ತ ಬೇಕಾದರೂ ಹರಿಯಬಲ್ಲದು, ಧ್ವನಿ ಬಹುಮಟ್ಟಿಗೆ ನಿಯಮ ಹಿಡಿದೇ ಬದಲಾಗುತ್ತದೆ.

ಮೊದಲಿಗೆ ನಾಮಪದದ ಪಕ್ಕದಲ್ಲಿ ಅದು ಹುಟ್ಟಿರಬಹುದಾದ ಕ್ರಿಯಾಪದವನ್ನು ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ ‘ಗಿವ್’, ಜರ್ಮನ್ನಿನಲ್ಲಿ ‘ಗೇಬೆನ್’; ಎರಡಕ್ಕೂ ‘ಕೊಡು’ ಎಂದೇ ಅರ್ಥ. ಅನಂತರ ಇದೇ ಅಚ್ಚಿನ ಬೇರೆ ಜೋಡಿಗಳಿವೆಯೇ ಎಂದು ನೋಡಿ. ‘ಡ್ರೈವ್’ಗೆ ‘ಡ್ರಿಫ್ಟ್’, ‘ಥ್ರೈವ್’ಗೆ ‘ಥ್ರಿಫ್ಟ್’, ಜರ್ಮನ್ನಿನ ‘ಶ್ರೈಬೆನ್’ಗೆ ‘ಶ್ರಿಫ್ಟ್’, ಅಂದರೆ ‘ಬರೆ’ ಎಂಬುದಕ್ಕೆ ‘ಬರಹ’. ಹೀಗೆ ನಾಲ್ಕಾರು ಜೋಡಿಗಳು ಸಿಕ್ಕರೆ ಹೋಲಿಕೆ ಆಕಸ್ಮಿಕವಲ್ಲವೆಂದು ತಿಳಿಯಬಹುದು. ಆಗ ‘ಗಿಫ್ಟ್’ ಪದದ ಮೂಲಾರ್ಥ ಉಡುಗೊರೆಯೂ ಅಲ್ಲ, ವಿಷವೂ ಅಲ್ಲ, ಬರಿಯ ‘ಕೊಡುವಿಕೆ’ ಎಂದು ತೋರುತ್ತದೆ.

ಮುಂದೆ ಪದದ ಮೊದಲ ಧ್ವನಿಗೆ ಬನ್ನಿ. ಈ ಹಂತವನ್ನು ಹಲವರು ಬಿಟ್ಟುಬಿಡುತ್ತಾರೆ, ಆದರೆ ಪದ ನಡೆದುಬಂದ ದಾರಿ ಕಾಣುವುದು ಇಲ್ಲಿಯೇ. ಜರ್ಮನ್ನಿನ ‘ಗೆಲ್ಬ್’ ಇಂಗ್ಲಿಷಿನಲ್ಲಿ ‘ಯೆಲ್ಲೋ’, ‘ಗೆಸ್ಟರ್ನ್’ ಎಂಬುದು ‘ಯೆಸ್ಟರ್‌ಡೇ’. ಪ್ರಾಚೀನ ಇಂಗ್ಲಿಷಿನಲ್ಲಿ ಇ, ಎ ಸ್ವರಗಳ ಮುಂದೆ ಗಕಾರ ಯಕಾರವಾಗಿತ್ತು. ಆ ಲೆಕ್ಕದಲ್ಲಿ ಇಂದಿನ ರೂಪ ‘ಯಿಫ್ಟ್’ ಆಗಬೇಕಿತ್ತು, ಮಧ್ಯಕಾಲೀನ ಇಂಗ್ಲಿಷಿನಲ್ಲಿ ಅಂಥ ರೂಪ ಇದ್ದೇ ಇತ್ತು. ಗಟ್ಟಿ ಗಕಾರ ಬಂದದ್ದು 9ನೆಯ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯನ್ನರ ನಾರ್ಸ್ ನುಡಿಯಿಂದ. ಇಂದಿನ ಸ್ವೀಡಿಷರು ಈ ಪದವನ್ನು ‘ಯಿಫ್ಟ್’ ಎಂದೇ ಉಚ್ಚರಿಸುತ್ತಾರೆಂಬುದು ನಿಜ. ಆದರೆ ಆ ಬದಲಾವಣೆ ಅಲ್ಲಿ ತಡವಾಗಿ ಆದದ್ದು, ಅದನ್ನು ಸಾಕ್ಷಿಯಾಗಿ ಹಿಡಿದರೆ ದಾರಿ ತಪ್ಪುತ್ತದೆ.

ಧ್ವನಿ ಒಪ್ಪಿದ ಮೇಲೆ ಅರ್ಥದ ಸರದಿ. ಇದಕ್ಕೆ ಸಾಮಾನ್ಯ ನಿಘಂಟು ಸಾಲದು. ಪ್ರಯೋಗಗಳನ್ನು ಕಾಲಾನುಕ್ರಮದಲ್ಲಿ ಕೊಡುವ ಐತಿಹಾಸಿಕ ನಿಘಂಟು ಬೇಕು. ಇಂಗ್ಲಿಷಿಗೆ 1884ರಿಂದ 1928ರವರೆಗೆ ಕಂತುಗಳಲ್ಲಿ ಹೊರಬಂದ ಆಕ್ಸ್‌ಫರ್ಡ್ ನಿಘಂಟು, ಜರ್ಮನ್ನಿಗೆ 1854ರಲ್ಲಿ ಮೊದಲ ಸಂಪುಟ ಕಂಡ ಗ್ರಿಮ್ ಸೋದರರ ನಿಘಂಟು ಆಗಬಹುದು. ಅರ್ಥದ ಜೊತೆಗೆ ಲಿಂಗವನ್ನೂ ಗುರುತು ಹಾಕಿಕೊಳ್ಳಿ. ಜರ್ಮನ್ನಿನಲ್ಲಿ ವಿಷವೆಂಬ ‘ಗಿಫ್ಟ್’ ನಪುಂಸಕಲಿಂಗ. ಕೊಡುಗೆಯೆಂಬ ಹಳೆಯ ಅರ್ಥ ಸ್ತ್ರೀಲಿಂಗದಲ್ಲಿತ್ತು, ವಧುವಿನ ಜೊತೆ ಕೊಡುವ ಸಂಪತ್ತನ್ನು ಹೇಳುವ ‘ಮಿಟ್‌ಗಿಫ್ಟ್’ ಪದದಲ್ಲಿ ಅದು ಇಂದಿಗೂ ಉಳಿದಿದೆ.

ಕೊಡುವಿಕೆ ವಿಷವಾದದ್ದು ಹೇಗೆ? ಗ್ರೀಕ್ ಭಾಷೆಯ ‘ಡೋಸಿಸ್’ ಪದಕ್ಕೂ ಕೊಡುವಿಕೆ ಎಂದೇ ಅರ್ಥ. ವೈದ್ಯರ ಬಾಯಲ್ಲಿ ಅದು ಒಮ್ಮೆಗೆ ಕೊಡುವ ಔಷಧಿಯ ಪ್ರಮಾಣವಾಯಿತು, ನಾವು ಬಳಸುವ ‘ಡೋಸ್’ ಅದರ ಮರಿ. ಅದು ಲ್ಯಾಟಿನ್ನಿಗೆ ಬಂದು, ಅದರ ಅನುಕರಣೆಯಲ್ಲಿ ಜರ್ಮನ್ನರು ‘ಗಿಫ್ಟ್’ ಬಳಸಿದರು. ವಿಷವೆಂದು ಬಾಯಿಬಿಟ್ಟು ಹೇಳದೆ ‘ಕೊಟ್ಟದ್ದು’ ಎಂದು ಮರೆಸಿ ಹೇಳುವ ನಯನುಡಿ ಕ್ರಮೇಣ ವಿಷದ ಹೆಸರೇ ಆಗಿ ನಿಂತಿತು. ಔಷಧಿಗೂ ಸಿಡಿಯುವ ಪುಡಿಗೂ ಒಂದೇ ‘ಮದ್ದು’ ಬಳಸುವ ಕನ್ನಡಿಗರಿಗೆ ಇಂಥ ಜಾರುವಿಕೆ ತೀರ ವಿಚಿತ್ರವೆನಿಸಲಾರದು.

ಮದುವೆಯ ಅರ್ಥಕ್ಕೆ ಇಷ್ಟು ಸುತ್ತು ಬೇಕಿಲ್ಲ. ಪ್ರಾಚೀನ ಇಂಗ್ಲಿಷಿನಲ್ಲೇ ಈ ಪದಕ್ಕೆ ವಧುವಿಗಾಗಿ ತೆರುವ ಹಣವೆಂದೂ, ಬಹುವಚನದಲ್ಲಿ ಮದುವೆಯೆಂದೂ ಅರ್ಥವಿತ್ತು. ಸ್ವೀಡಿಷಿನ ‘ಗಿಫ್ಟ್’ ಮೂಲತಃ ‘ಮದುವೆ ಮಾಡಿ ಕೊಡಲ್ಪಟ್ಟ’ ಎಂಬುದೇ.

ಕೊನೆಯದಾಗಿ, ನೀವು ಕಟ್ಟಿದ ವಂಶಾವಳಿಯನ್ನು ಇನ್ನೊಂದು ಜ್ಞಾತಿಭಾಷೆಯಲ್ಲಿ ಒರೆಹಚ್ಚಿ ನೋಡಿ. ಡಚ್ಚಿನಲ್ಲಿ ಎರಡೂ ಅರ್ಥಗಳು ಉಳಿದಿವೆ; ಕೊಡುಗೆಗೆ ‘ಗಿಫ್ಟ್’ ಎಂದೂ ವಿಷಕ್ಕೆ ಸಾಮಾನ್ಯವಾಗಿ ಟಕಾರ ಕಳಚಿದ ‘ಗಿಫ್’ ಎಂದೂ ಅವರು ಬರೆಯುತ್ತಾರೆ.