ಗುರು-ಶನಿ ಒಂದೇ ಮನೆಯಲ್ಲಿದ್ದರೆ ನಾನು ನೋಡುವ ಕ್ರಮ

ಡೊಂಬಿವಲಿಯಲ್ಲಿ ನನ್ನ ಹತ್ತಿರ ಜಾತಕ ತರುವವರು ಹೆಚ್ಚಾಗಿ ಉಡುಪಿ, ಕುಂದಾಪುರ, ಉತ್ತರ ಕನ್ನಡ ಕಡೆಯವರು. ಮಕ್ಕಳು ಹುಟ್ಟಿದ್ದು ಮಾತ್ರ ಮುಂಬೈಯಲ್ಲಿ, ಜಾತಕ ಬರೆಸಿದ್ದೂ ಇಲ್ಲೇ. ಹಾಗಾಗಿ ಕೈಗೆ ಬರುವುದು ಮೂಲೆಯಿಂದ ಮೂಲೆಗೆ ಓರೆಗೆರೆ ಎಳೆದ ಮರಾಠಿ ಪದ್ಧತಿಯ ಕುಂಡಲಿ. ನಾನು ಮಾಡುವ ಮೊದಲ ಕೆಲಸ ಅದನ್ನು ನಮ್ಮ ಚೌಕಾಕಾರದ ಕುಂಡಲಿಗೆ ಇಳಿಸಿಕೊಳ್ಳುವುದು. ಮೀನ ಎಡಗಡೆ ಮೇಲಿನ ಮೂಲೆ, ಪಕ್ಕದಲ್ಲಿ ಮೇಷ, ಹಾಗೆ ಬಲಕ್ಕೆ ಸುತ್ತು. ಸುಮ್ನೆ ಅಭ್ಯಾಸ ಅಂತ ಅಲ್ಲ, ಇದಕ್ಕೆ ಕಾರಣ ಇದೆ.

ಮುಲುಂಡ್‌ನಿಂದ ಒಬ್ಬ ತಾಯಿ ಮಗನ ಜಾತಕ ತಂದಿದ್ದರು. 2000ನೇ ಇಸವಿ ಮೇ ಕೊನೆಯ ವಾರ, ಬೆಳಿಗ್ಗೆ ಹತ್ತೂವರೆಗೆ ಹುಟ್ಟಿದ ಹುಡುಗ. "ಅಣ್ಣಾ, ಲಗ್ನದಲ್ಲೇ ನೀಚ ಶನಿ, ಜೊತೆಗೆ ಗುರುವೂ ಕೆಟ್ಟಿದ್ದಾನಂತೆ. ಮದುವೆ ಕಷ್ಟ ಅಂದ್ರು," ಎಂದರು. ಲಗ್ನ ಅಂದರೆ ಜಾತಕದ ಒಂದನೇ ಮನೆ, ನೀಚ ಅಂದರೆ ಬಲ ತೀರಾ ಕಡಿಮೆ ಇರುವ ರಾಶಿಯಲ್ಲಿರುವ ಗ್ರಹ. ನೋಡಿದರೆ ಗುರು-ಶನಿ ಇದ್ದ ಖಾನೆಯಲ್ಲಿ 1 ಎಂದು ಬರೆದಿತ್ತು. ಹೇಳಿದವರು ಅದನ್ನು ಒಂದನೇ ಮನೆ ಎಂದು ಓದಿಬಿಟ್ಟಿದ್ದಾರೆ. ಆ ಪದ್ಧತಿಯಲ್ಲಿ ಅಂಕಿ ರಾಶಿಯದ್ದು, ಮನೆಯದ್ದಲ್ಲ. 1 ಅಂದರೆ ಮೇಷ. ಲಗ್ನ ಯಾವಾಗಲೂ ಮೇಲಿನ ನಡುವಿನ ಖಾನೆ. ಅಲ್ಲಿ 4 ಇತ್ತು, ಅಂದರೆ ಕರ್ಕಾಟಕ ಲಗ್ನ. ಅಲ್ಲಿಂದ ಎಡಕ್ಕೆ ಎಣಿಸುತ್ತಾ ಬಂದರೆ ಬಲಗಡೆಯ ನಡುವಿನ ಖಾನೆ ಹತ್ತನೇ ಮನೆ. ಗುರು-ಶನಿ ಕೂತಿದ್ದು ಅಲ್ಲಿ, ಕರ್ಮಸ್ಥಾನದಲ್ಲಿ. ಇಷ್ಟು ಹೇಳುವಷ್ಟರಲ್ಲೇ ಅವರ ಮುಖದ ಅರ್ಧ ಚಿಂತೆ ಇಳಿದಿತ್ತು.

ಮನೆ ಗೊತ್ತಾದ ಮೇಲೆ ಡಿಗ್ರಿ ನೋಡುತ್ತೇನೆ. ಒಂದೇ ರಾಶಿಯಲ್ಲಿ ಎರಡು ಗ್ರಹ ಕಂಡ ಕೂಡಲೇ ಯುತಿ, ಅಂದರೆ ಜೊತೆ, ಎಂದು ಫಲ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಒಂದು 2 ಡಿಗ್ರಿಯಲ್ಲಿ, ಇನ್ನೊಂದು 27ರಲ್ಲಿ ಇದ್ದರೆ ಅದೆಂಥ ಜೊತೆ? ಒಂದೇ ಲೋಕಲ್‌ನ ಮೊದಲ ಡಬ್ಬಿಯಲ್ಲಿ ಒಬ್ಬ, ಕೊನೆಯ ಡಬ್ಬಿಯಲ್ಲಿ ಇನ್ನೊಬ್ಬ ಕೂತ ಹಾಗೆ. ಈ ಹುಡುಗನದ್ದು ಹಾಗಲ್ಲ. ಗುರು-ಶನಿ ಸುಮಾರು 20 ವರ್ಷಕ್ಕೊಮ್ಮೆ ಕೂಡುತ್ತಾರೆ. ಆ ಸಲ ಕೂಡಿದ್ದು 2000ದ ಮೇ 28ರಂದು. ರಾಶಿಚಕ್ರದ ಆರಂಭ ಎಲ್ಲಿಂದ ಎಂದು ಹೇಳುವ ಲಾಹಿರಿ ಅಯನಾಂಶದ ಲೆಕ್ಕ ಹಿಡಿದರೆ ಮೇಷದ 28 ಡಿಗ್ರಿ ದಾಟಿ, ಕೃತ್ತಿಕಾ ನಕ್ಷತ್ರದ ಮೊದಲ ಪಾದದಲ್ಲಿ. ಹುಡುಗನ ಜಾತಕದಲ್ಲೂ ರಾಶಿಚಕ್ರದ ಉದ್ದಕ್ಕೆ ಅಳೆದರೆ ಇಬ್ಬರ ನಡುವೆ ಒಂದು ಡಿಗ್ರಿಗಿಂತ ಕಡಿಮೆ ಅಂತರ. ಇದು ಬರೀ ಯುತಿ ಅಲ್ಲ, ಗ್ರಹಯುದ್ಧ.

ಯುದ್ಧದಲ್ಲಿ ಗೆದ್ದವರು ಯಾರು ಎಂಬುದಕ್ಕೆ ಒಂದೊಂದು ಗ್ರಂಥದಲ್ಲಿ ಒಂದೊಂದು ಲೆಕ್ಕ ಇದೆ. ನಾನು ಎರಡು ವಿಷಯ ನೋಡುತ್ತೇನೆ. ಯಾರು ಉತ್ತರಕ್ಕಿದ್ದಾರೆ, ಯಾರು ಹೆಚ್ಚು ಹೊಳೆಯುತ್ತಾರೆ. ಆಗ ಗುರು ಶನಿಗಿಂತ ಒಂದು ಡಿಗ್ರಿಗೂ ಜಾಸ್ತಿ ಉತ್ತರಕ್ಕಿದ್ದ. ಹೊಳಪಿನಲ್ಲಂತೂ ಕೇಳಲೇಬೇಡಿ. ಹಾಗಾಗಿ ಗುರು ಗೆದ್ದ ಎಂದೇ ಬರೆದುಕೊಂಡೆ.

ಸೂರ್ಯ ಪಕ್ಕದ ವೃಷಭದಲ್ಲಿದ್ದ. ಸೂರ್ಯನಿಗೆ ತೀರಾ ಹತ್ತಿರ ಬಂದ ಗ್ರಹ ಬಲ ಕಳೆದುಕೊಳ್ಳುವುದಕ್ಕೆ ಅಸ್ತ ಎನ್ನುತ್ತೇವೆ. ಬೇರೆ ರಾಶಿ ಅಲ್ವಾ, ಅಸ್ತ ಎಲ್ಲಿಂದ ಬಂತು ಎಂದು ಇಲ್ಲಿ ಹಲವರು ಬಿಟ್ಟುಬಿಡುತ್ತಾರೆ. ಅಸ್ತಕ್ಕೆ ರಾಶಿಯ ಗಡಿ ಇಲ್ಲ, ಡಿಗ್ರಿಯೇ ಲೆಕ್ಕ. ಶನಿಗೆ 15, ಗುರುವಿಗೆ 11. ಶನಿ ಆ ಮಿತಿಯ ಒಳಗೇ ಇದ್ದ, ಗುರು ಹೊರಗೆ ಉಳಿದಿದ್ದ. ರಾಶಿಯನ್ನು ಒಂಬತ್ತು ಪಾಲು ಮಾಡಿ ನೋಡುವ ನವಾಂಶದಲ್ಲಿ ಇಬ್ಬರೂ ಧನುಸ್ಸು. ಗುರುವಿಗೆ ಅದು ಸ್ವಂತ ಮನೆ. ಅಂದರೆ ಈ ಜೋಡಿಯಲ್ಲಿ ಮಾತು ನಡೆಯುವುದು ಗುರುವಿನದ್ದೇ. ಶನಿಗೆ ನೀಚಭಂಗ, ಅಂದರೆ ನೀಚ ದೋಷಕ್ಕೆ ಪರಿಹಾರ, ಇದೆಯಾ ಎಂದೂ ನೋಡಿದೆ. ಮೇಷದ ಒಡೆಯ ಕುಜ ಲಗ್ನದಿಂದ ಕೇಂದ್ರದಲ್ಲಿ (1, 4, 7, 10ನೇ ಮನೆಗಳಲ್ಲಿ) ಇಲ್ಲ, ಶನಿಯ ಉಚ್ಚರಾಶಿ ತುಲೆಯ ಒಡೆಯ ಶುಕ್ರನೂ ಇಲ್ಲ. ಇಲ್ಲದ್ದನ್ನು ಇದೆ ಎಂದು ಎಳೆದು ತರಲಿಲ್ಲ. ಆದರೆ ಕರ್ಕಾಟಕಕ್ಕೆ ಯೋಗಕಾರಕನಾದ, ಅಂದರೆ ತುಂಬ ಒಳ್ಳೆಯ ಫಲ ಕೊಡುವ ಕುಜ ಹನ್ನೊಂದರಲ್ಲಿ, ಲಾಭಸ್ಥಾನದಲ್ಲಿದ್ದ. ಅದು ಸಣ್ಣ ಬಲ ಅಲ್ಲ.

ಫಲ ಹೇಳುವಾಗ ನಾನು ಗ್ರಹದ ಸ್ವಭಾವಕ್ಕಿಂತ ಅದು ಯಾವ ಮನೆಯ ಒಡೆಯ ಎಂಬುದಕ್ಕೆ ಜಾಸ್ತಿ ತೂಕ ಕೊಡುತ್ತೇನೆ. ಕರ್ಕಾಟಕಕ್ಕೆ ಗುರು ಆರು ಮತ್ತು ಒಂಬತ್ತರ ಒಡೆಯ, ಶನಿ ಏಳು ಮತ್ತು ಎಂಟರ ಒಡೆಯ. ಅದೇ ದಿನ ಸಂಜೆ ನಾಲ್ಕೂವರೆಗೆ ಹುಟ್ಟಿದ ಮಗುವಿಗೆ ತುಲಾ ಲಗ್ನ. ಅದಕ್ಕೆ ಅದೇ ಶನಿ ಯೋಗಕಾರಕ, ಯುತಿ ಏಳನೇ ಮನೆಯಲ್ಲಿ. ಆಕಾಶ ಒಂದೇ, ಓದುವ ಪಾಠ ಬೇರೆ. ಯುತಿಗೆ ಒಂದು ಹೆಸರಿಟ್ಟು ಎಲ್ಲರಿಗೂ ಒಂದೇ ಫಲ ಹೇಳುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. 1962ರ ಫೆಬ್ರವರಿಯಲ್ಲಿ ಮಕರದಲ್ಲಿ ಕೇತು ಸೇರಿ ಎಂಟು ಗ್ರಹ ಕೂಡಿದಾಗ ಪ್ರಳಯ ಎಂದು ಹೆದರಿ ದೇಶದ ತುಂಬ ಯಜ್ಞ ನಡೆದವು. ಪ್ರಳಯವೇನೂ ಆಗಲಿಲ್ಲ. 2020ರ ಡಿಸೆಂಬರ್ 21ರಂದು ಗುರು-ಶನಿ ಮತ್ತೆ ಮಕರದಲ್ಲಿ ಕೂಡಿದಾಗಲೂ ಫೋನ್ ಮೇಲೆ ಫೋನ್. ಆ ಸಲ ನೀಚ ಗುರು, ಶನಿಗೆ ಸ್ವಂತ ಮನೆ. 2000ದಲ್ಲಿ ನೀಚನಾಗಿದ್ದದ್ದು ಶನಿ. ಬರೀ ಕಣ್ಣಿಗೆ ಒಂದೇ ಚುಕ್ಕಿಯಂತೆ ಕಂಡರೂ ಅವುಗಳ ನಡುವಿನ ದೂರ 70 ಕೋಟಿ ಕಿಲೋಮೀಟರ್‌ಗೂ ಹೆಚ್ಚು.

ಆ ತಾಯಿಗೆ ನಾನು ಹೇಳಿದ್ದು ಇಷ್ಟು. ಏಳರ ಒಡೆಯ ಹತ್ತರಲ್ಲಿ, ಭಾಗ್ಯದ ಒಡೆಯನ ಜೊತೆ ಕೂತಿದ್ದಾನೆ. ಮದುವೆ ತಡ ಆಗಬಹುದು, ಆಗುವುದೇ ಇಲ್ಲ ಎನ್ನಲು ಕಾರಣ ಕಾಣುವುದಿಲ್ಲ. ಕೆಲಸಕ್ಕೆ ಹೋಗುವ ಹುಡುಗಿ, ಬಹುಶಃ ಅವನ ಕೆಲಸದ ವಲಯದಲ್ಲೇ. "ಮೊದಲು ಅವನನ್ನೇ ಕೇಳಿ ಅಕ್ಕ, ಯಾರಾದರೂ ಇದ್ದಾಳಾ ಅಂತ," ಎಂದೆ. ಶಾಂತಿ ಮಾಡಿಸಬೇಕಾ ಎಂದರು. ಬೇಡ ಎಂದೆ. ಆ ದುಡ್ಡು ಮದುವೆ ಖರ್ಚಿಗೇ ಇರಲಿ.

ಕಾಲ ಕೇಳಿದ್ದಕ್ಕೆ ಗೋಚಾರ, ಅಂದರೆ ಆಕಾಶದಲ್ಲಿ ಗ್ರಹಗಳ ಸಂಚಾರ, ನೋಡಿ ಹೇಳಿದೆ. ಗುರು ಕರ್ಕಾಟಕಕ್ಕೆ ಬರುವುದು 2026ರ ಜೂನ್‌ನಲ್ಲಿ. ಅಲ್ಲಿ ಅವನು ಉಚ್ಚ, ಅಂದರೆ ಬಲ ಅತಿ ಹೆಚ್ಚು. ಲಗ್ನದಲ್ಲಿ ಕೂತು ನೇರವಾಗಿ ಏಳನೇ ಮನೆಯನ್ನು ನೋಡುತ್ತಾನೆ. ಶನಿ ಮೇಷಕ್ಕೆ, ಹುಟ್ಟಿದಾಗಿದ್ದ ರಾಶಿಗೆ ಬರುವುದು 2027ರ ಜೂನ್‌ನಲ್ಲಿ. ಮಾತುಕತೆ ಏನಿದ್ದರೂ ಈ ಎರಡರ ನಡುವಿನ ಒಂದು ವರ್ಷದಲ್ಲಿ ಮುಗಿಸಿಕೊಳ್ಳಿ, ಹುಡುಗಿಯ ಜಾತಕ ಸಿಕ್ಕಿದರೆ ಹುಟ್ಟಿದ ಸಮಯವನ್ನು ಆಸ್ಪತ್ರೆಯ ಕಾಗದ ನೋಡಿಯೇ ಬರೆದು ತನ್ನಿ ಎಂದೆ.