ಒತ್ತು ತಪ್ಪುವ ಮಗು, ಗಮನ ತಪ್ಪುವ ಮಗು

ಡಿಸ್ಲೆಕ್ಸಿಯಾ (ಓದು, ಬರಹದ ತೊಡಕು) ಇದ್ದರೂ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇದ್ದರೂ ಮಗುವಿನ ನೋಟ್ಸ್ ಅರ್ಧಕ್ಕೇ ನಿಂತಿರುತ್ತದೆ. ಕಣ್ಣು, ಕಿವಿಯ ಪರೀಕ್ಷೆ ಮುಗಿದಿದ್ದರೆ ನಾನು ಒಂದೇ ಮಟ್ಟದ ಎರಡು ಪುಟ ಆರಿಸುತ್ತೇನೆ. ಒಂದನ್ನು ಮಗುವೇ ಓದಬೇಕು, ಇನ್ನೊಂದನ್ನು ನಾನು ಓದಿ ಹೇಳುತ್ತೇನೆ. ಎರಡಕ್ಕೂ ಉತ್ತರ ಬಾಯಲ್ಲೇ. ನಾನು ಓದಿದ್ದಕ್ಕೆ ಮಾತ್ರ ಪಟಪಟ ಉತ್ತರ ಬಂದರೆ ತೊಡಕಿರುವುದು ಓದಿನಲ್ಲಿ. ಅದಕ್ಕೂ ಬಾರದೆ, ನಾಲ್ಕು ಸಾಲಿಗೊಮ್ಮೆ ನಿಲ್ಲಿಸಿ ಕೇಳಿದಾಗ ಬಂದರೆ ಅನುಮಾನ ಗಮನದ ಮೇಲೆ. ಇದು ಪಾಠ ಹೇಗೆ ಮಾಡಬೇಕೆಂದು ತಿಳಿಯಲು ಅಷ್ಟೇ. ಇದೆ, ಇಲ್ಲ ಎನ್ನುವುದು ಮನೋವೈದ್ಯರ, ಕ್ಲಿನಿಕಲ್ ಸೈಕಾಲಜಿಸ್ಟರ ಕೆಲಸ. ಎರಡೂ ಒಟ್ಟಿಗಿರುವ ಮಕ್ಕಳು ಕಡಿಮೆಯೇನಲ್ಲ.

ಗಮನ ತಪ್ಪುವ ಮಗು ಮೇಲಿನ ಸಾಲಿನಲ್ಲಿ ‘ಹಣ್ಣು’ ಸರಿಯಾಗಿ ಬರೆದು ಕೆಳಗೆ ‘ಹಣು’ ಬರೆಯುತ್ತದೆ. ಡಿಸ್ಲೆಕ್ಸಿಯಾ ಇರುವ ಮಗು ಒತ್ತು, ದೀರ್ಘ, ಮಹಾಪ್ರಾಣಗಳಲ್ಲೇ ಮತ್ತೆ ಮತ್ತೆ ಎಡವುತ್ತದೆ. ಅದರಲ್ಲೂ ಅರ್ಕಾವೊತ್ತು ಬಲು ಕಾಟ. ‘ಸೂರ್ಯ’ದಲ್ಲಿ ಕಿವಿಗೆ ಮೊದಲು ಬೀಳುವುದು ರ್, ಬರೆಯುವುದು ಮಾತ್ರ ಯ ಆದಮೇಲೆ. ಮಗು ಕಂಡ ಕ್ರಮದಲ್ಲೇ ‘ಸೂಯ್ರ’ ಎಂದು ಓದುತ್ತದೆ.

ಮೊದಲು ಬರವಣಿಗೆ ಬೇಡ. ‘ಸೂರ್–ಯ’ ಎಂದು ಒಡೆದು ಹೇಳಿಸಿ, ಎರಡು ಚಪ್ಪಾಳೆ. ಆಮೇಲೆ ಮೂರು ಚೀಟಿ: ಸೂ, ಯ, ಕೆಂಪು ಬಣ್ಣದಲ್ಲಿ ಅರ್ಕಾವೊತ್ತು. ಜೋಡಿಸಿ ಓದುವಾಗ ಬೆರಳು ಸೂ ದಾಟಿ ಕೆಂಪು ಚೀಟಿ ಮುಟ್ಟಿ, ಹಿಂದಿರುಗಿ ಯ ಮೇಲೆ ಬರಬೇಕು. ಸೂರ್ಯ, ಕಾರ್ಯ, ಧೈರ್ಯ, ವರ್ಷ: ವಾರಕ್ಕೆ ಈ ನಾಲ್ಕೇ ಸಾಕು. ‘ಚಕ್ರ’, ‘ಸೂತ್ರ’ಗಳ ರ ಒತ್ತನ್ನು ಅದೇ ವಾರ ತಂದರೆ ಎರಡೂ ಕಲಸಿಹೋಗುತ್ತವೆ. ‘ಹತ್ತು ಸಲ ಬರಿ’ ಎನ್ನುವುದಂತೂ ದಂಡ. ಮಗು ಮೇಲಿನ ಸಾಲಿನ ತನ್ನ ತಪ್ಪನ್ನೇ ನೋಡಿ ಇಳಿಸುತ್ತಾ ಹೋಗುತ್ತದೆ.

ಎಡಿಎಚ್‌ಡಿಗೆ ಈ ಚೀಟಿಗಳಿಂದ ಪ್ರಯೋಜನವಿಲ್ಲ. ಹತ್ತು ಲೆಕ್ಕದ ಹಾಳೆಯನ್ನು ಮೂರೇ ಕಾಣುವಂತೆ ಮಡಚಿ ಕೊಡಿ. ಬೋರ್ಡಿನಿಂದ ಪುಸ್ತಕಕ್ಕೆ ಕಣ್ಣು ಇಳಿಸಿದಾಗಲೆಲ್ಲ ಸಾಲು ತಪ್ಪುವುದರಿಂದ ಝೆರಾಕ್ಸ್ ಪ್ರತಿ ಡೆಸ್ಕಿನ ಮೇಲೇ ಇರಲಿ. ಶಿಕ್ಷೆಯೆಂದು ಆಟದ ಪಿರಿಯಡ್ ಕಿತ್ತುಕೊಂಡರೆ ಮುಂದಿನ ಪಿರಿಯಡ್ ನಿಮ್ಮದೇ ಪಾಡು.

ಪೋಷಕರಿಗೊಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾ ಇದರಲ್ಲೇ ಸೇರುತ್ತದೆ) ಇದೆ, ಎಡಿಎಚ್‌ಡಿಯ ಹೆಸರಿಲ್ಲ. ಎಡಿಎಚ್‌ಡಿ ವರದಿಯೊಂದನ್ನೇ ನಂಬಿ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು ಸಿಗುತ್ತದೆಂದು ಕೂರಬೇಡಿ. ಕಲಿಕಾ ನ್ಯೂನತೆಯ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿ, ಎಂಟನೇ ತರಗತಿಯಲ್ಲೇ ಪ್ರಮಾಣಪತ್ರಕ್ಕೆ ಓಡಾಡಿ.